ಎಡಕ್ಕೆ ತಿರುಗಿದ ಗಿಳಿ

ಗುಂಜೋಟಿಯ ಮಾಣಿಕಪ್ಪ ಏಳನೇ ಇಯತ್ತೆಯವರೆಗೆ ಓದಿದವನು. ಆದರೂ ಊರಿಗೊಂದು ಕಾಗದ ಬಂದರೆ ಓದಿಸಿಕೊಳ್ಳಲು ಯಾರೂ ಅವನ ಮನೆಗೆ ಬರುತ್ತಿರಲಿಲ್ಲ. ಅವನು ಓದಿದ್ದು ಉರ್ದು. ನಿಜಾಮರ ಕಾಲದಲ್ಲಿ ಶಾಲೆ ಎಂದರೆ ಅದೇ ಆಗಿತ್ತು. ಒಲೆಯ ಮುಂದೆ ಕನ್ನಡ, ಸಂತೆಯಲ್ಲಿ ಮರಾಠಿ, ಹಲಗೆಯ ಮೇಲೆ ಉರ್ದು. ಹುಡುಗನಿಗೆ ಮೂರೂ ಮೂರು ಬಟ್ಟಲಲ್ಲಿ ಬಡಿಸಿದ ಹಾಗೆ ಬೇರೆ ಬೇರೆ ಇದ್ದವು. ಅವನಿಗೆ ಹದಿನಾಲ್ಕು ತುಂಬಿದ ವರ್ಷ ಪೊಲೀಸ್ ಆ್ಯಕ್ಷನ್ ಆಯಿತು. ಶಾಲೆಗೆ ಬೀಗ ಬಿತ್ತು. ಬೀಗ ತೆಗೆದಾಗ ಹಳೆಯ ಮಾಸ್ತರರು ಇರಲಿಲ್ಲ, ಹಳೆಯ ಅಕ್ಷರವೂ ಇರಲಿಲ್ಲ. ಮೀಸೆ ಮೂಡುತ್ತಿದ್ದ ಹುಡುಗ ಎರಡನೇ ಇಯತ್ತೆಯ ಮಕ್ಕಳ ನಡುವೆ ಚಾಪೆಯ ಮೇಲೆ ಕುಳಿತು ಎರಡು ತಿಂಗಳು ಮರಾಠಿ ತಿದ್ದಿದ. ಮೋಟಾರಿನ ಹಲಗೆಯ ಮೇಲೆ ಬರೆದ ಊರಿನ ಹೆಸರನ್ನು ಕೂಡಿಸಿ ಓದುವಷ್ಟು ಬಂತು. ಅಷ್ಟರಲ್ಲಿ ನಾಚಿಕೆಯೂ ಬಂತು, ಬಿಟ್ಟುಬಿಟ್ಟ.

ಅದಾಗಿ ಒಂಬತ್ತು ವರ್ಷ. ಅಣ್ಣ ಕಲ್ಯಾಣಪ್ಪನ ಜೊತೆ ಹೊಲ ಮಾಡಿದ. ಮಾಡಿದ ಎಂದರೆ ಅಣ್ಣ ಮುಂದೆ, ಇವನು ಹಿಂದೆ. ಹರಗುವಾಗ ಸಾಲು ಸೊಟ್ಟ ಹೋಗುತ್ತಿತ್ತು, ಎತ್ತು ಇವನ ಮಾತು ಕೇಳುತ್ತಿರಲಿಲ್ಲ. ಊರ ಲೆಕ್ಕ ಬರೆಯುವ ಪಟವಾರಿಯ ಕೈಕೆಳಗೆ, ಉಮರ್ಗಾದ ಕಚೇರಿಯಲ್ಲಿ, ಹೀಗೆ ಎರಡು ಮೂರು ಕಡೆ ನೌಕರಿ ಕೇಳಿ ನೋಡಿದ. ಎಲ್ಲರೂ ಒಂದೇ ಮಾತು ಕೇಳಿದರು: ಮರಾಠಿ ಬರೆಯಲು ಬರುತ್ತದೆಯೇ? ಏಳು ವರ್ಷ ಕುಳಿತು ಕಲಿತದ್ದು ಎಲ್ಲಿ ಹೋಯಿತು ಎಂದು ಅವನು ಯಾರನ್ನೂ ಕೇಳಲಿಲ್ಲ.

ಆ ವರ್ಷ ಸಂಕ್ರಾಂತಿ ಮುಗಿದ ಮೇಲೆ ಲೋಹಾರಾದಿಂದ ಅವನ ಮಾವ ಹೇಳಿಕಳಿಸಿದರು. ಕಿರಾಣಿ ಅಂಗಡಿಗೆ ಒಬ್ಬ ನಂಬಿಗಸ್ತ ಬೇಕು, ಅಳಿಯ ಬಂದು ಇಲ್ಲೇ ಇರಲಿ, ತಕ್ಕಡಿ ಹಿಡಿಯಲಿ. ಕಲ್ಯಾಣಪ್ಪನಿಗೆ ಇದು ಸರಿ ಕಂಡಿತು.

“ಯುಗಾದಿ ತನಕ ನೋಡಮು. ಎಲ್ಲ್ಯಾರ ನಿನಗ ನೌಕರಿ ಹತ್ತಿದ್ರ ಹತ್ತಲಿ. ಇಲ್ಲಂದ್ರ ಲೋಹಾರಾಕ ಹೋಗು. ಎತ್ತಿನ ಬಾಲಾ ತಿರುವೋದರಕಿಂತ ತಕ್ಕಡಿ ಹಗೂರ ಅದ, ಮಾಣ್ಯಾ.”

ಮಾಣಿಕಪ್ಪನ ಹೆಂಡತಿ ಕುಸುಮಬಾಯಿ ಬಾಗಿಲ ಮರೆಯಿಂದ ಕೇಳಿಸಿಕೊಂಡಳು. ತವರಿಗೆ ಹೋಗುವುದೆಂದರೆ ಯಾವ ಹೆಣ್ಣಿಗೆ ಬೇಡ? ಆದರೆ ಗಂಡನನ್ನು ಹಿಂದೆ ಕಟ್ಟಿಕೊಂಡು ಹೋಗಿ ನೆಲೆಸುವುದು ಬೇರೆ.

“ಹಬ್ಬಕ್ಕ ಹೋಗೋ ತವರಮನಿ ಬ್ಯಾರೆ, ಉಣ್ಣಾಕ ಹೋಗೋ ತವರಮನಿ ಬ್ಯಾರೆ” ಎಂದಳು ರಾತ್ರಿ ಅಡುಗೆ ಮಾಡುವಾಗ. “ನಮ್ಮ ವೈನಿ ಬಾಯಿ ನಿಮಗ ಗೊತ್ತಿಲ್ಲ. ರೊಟ್ಟಿ ಹಾಕಿ ಎಣಸ್ತಾಳ.”

ಮಾಣಿಕಪ್ಪನಿಗೆ ಅವಳ ಅಣ್ಣನ ಹೆಂಡತಿಯ ಬಾಯಿಗಿಂತ ಅಂಗಡಿಯ ಗದ್ದುಗೆಯ ಅಂಜಿಕೆಯೇ ದೊಡ್ಡದಿತ್ತು. ಅಲ್ಲಿ ಬರುವ ಚೀಟಿಗಳೆಲ್ಲ ಮರಾಠಿ. ಗಿರಾಕಿಯ ಮುಂದೆ ಚೀಟಿಯನ್ನು ಮಾವನ ಕೈಗೆ ಕೊಟ್ಟು “ಏನದ ನೋಡ್ರಿ” ಎನ್ನಬೇಕು. ಜೀವವಿರುವ ತನಕ.

ಹೀಗಿರುವಾಗ ಉಮರ್ಗಾದ ಬಟ್ಟೆ ವ್ಯಾಪಾರಿ ವಿಶ್ವನಾಥಪ್ಪನವರು ಒಂದು ಸುದ್ದಿ ಹೇಳಿದರು. ಉದಗೀರದಲ್ಲಿ ನೇಕಾರರ ಸೊಸಾಯಿಟಿ ಹೊಸ ಮಗ್ಗ ತರಿಸಿದೆ. ಹೂವು, ಬಳ್ಳಿ, ಹಕ್ಕಿ ಎಲ್ಲವನ್ನೂ ತಾನೇ ಎತ್ತುವ ಮಗ್ಗ. ಅದಕ್ಕೆ ಪಟ್ಟಿ ಹೊಡೆಯುವವನೊಬ್ಬ ಬೇಕಾಗಿದ್ದಾನೆ. ಮಾಘ ಹುಣ್ಣಿಮೆ ಕಳೆದು ಐದನೇ ದಿನ ಬಂದವರನ್ನು ಕೂಡಿಸಿ ಕೆಲಸ ಕೊಟ್ಟು ನೋಡುತ್ತಾರೆ.

“ನೀ ಸೊಲ್ಲಾಪುರದಾಗ ಆ ಕೆಲಸಾ ಮಾಡಿದ್ದಿ ಅಂತ ಹೇಳಿದ್ದೆಲ್ಲೊ?” ಎಂದರು.

“ಮಾಡಿಲ್ಲರಿ ಸಾವಕಾರ್ರ. ನೋಡೀನಿ. ಹನ್ನೊಂದ ದಿನ.”

ಹಿಂದಿನ ವರ್ಷ ಕುಸುಮಬಾಯಿಯ ಕಾಕಾನನ್ನು ಸೊಲ್ಲಾಪುರದ ದವಾಖಾನೆಯಲ್ಲಿ ಮಲಗಿಸಿದಾಗ ಮಾಣಿಕಪ್ಪ ಜೊತೆಗಿದ್ದ. ಹಗಲೆಲ್ಲ ಒಳಗೆ ಬಿಡುತ್ತಿರಲಿಲ್ಲ. ಎದುರಿನ ಓಣಿಯಲ್ಲಿ ಒಂದು ಮಗ್ಗದ ಮನೆ. ಅಲ್ಲಿ ಒಬ್ಬ ಮುದುಕ ಚೌಕಳಿ ಕಾಗದವನ್ನು ಎದುರಿಗಿಟ್ಟುಕೊಂಡು ರಟ್ಟಿನ ಪಟ್ಟಿಗೆ ತೂತು ಹೊಡೆಯುತ್ತಿದ್ದ. ಕಾಗದದ ಚೌಕಳಿ ಮನೆಗೆ ಬಣ್ಣ ತುಂಬಿದ್ದರೆ ಪಟ್ಟಿಗೆ ತೂತು, ಖಾಲಿ ಇದ್ದರೆ ಹಾಗೇ ಬಿಡು. ಒಂದು ಸಾಲಿಗೆ ಒಂದು ಪಟ್ಟಿ. ತೂತು ಇದ್ದಲ್ಲಿ ಮಗ್ಗದ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಪಟ್ಟಿಗಳನ್ನು ಸಾಲಾಗಿ ಹೊಲಿದು ಮಗ್ಗಕ್ಕೆ ಏರಿಸಿದರೆ, ಮನುಷ್ಯ ಮರೆತರೂ ಮಗ್ಗ ಮರೆಯುವುದಿಲ್ಲ. ಮಾಣಿಕಪ್ಪ ಹನ್ನೊಂದು ದಿನ ಹೊಸ್ತಿಲಲ್ಲಿ ಕುಳಿತು ನೋಡಿದ. ಕೊನೆಯ ಮೂರು ದಿನ ಮುದುಕ ತಾನು ಕಾಗದ ಓದಿ ಹೇಳುತ್ತಾ ಉಳಿಯನ್ನು ಇವನ ಕೈಗೆ ಕೊಟ್ಟ. ಹೊಡೆದದ್ದು ಏಳು ಪಟ್ಟಿ. ಅಲ್ಲಿ ಯಾರೂ “ನಿನಗೆ ಯಾವ ಭಾಷೆ ಬರುತ್ತದೆ” ಎಂದು ಕೇಳಲಿಲ್ಲ. ಹೊಡಿ, ಬಿಡು. ಎರಡೇ ಮಾತು.

“ಒಂದ ವರ್ಷ ಮಾಡೀನಿ ಅಂತ ಹೇಳಿಬಿಡು” ಎಂದರು ವಿಶ್ವನಾಥಪ್ಪನವರು. “ಉದಗೀರದಾಗ ಕುಂತವ್ರು ಸೊಲ್ಲಾಪುರಕ್ಕ ಬಂದು ಕೇಳ್ತಾರೇನು?” ಹೇಳಿ, ಅಂಗಡಿಯಲ್ಲಿ ಬಟ್ಟೆಯ ಥಾನು ಸುತ್ತಿ ಬರುವ ರಟ್ಟಿನ ಹಲಗೆಗಳನ್ನು ಒಂದು ಹೊರೆ ಕಟ್ಟಿಕೊಟ್ಟರು.

ಕಲ್ಯಾಣಪ್ಪ ಆ ಹೊರೆ ನೋಡಿ ನಕ್ಕ. “ಏಳ ಇಯತ್ತೆ, ಏಳ ಪಟ್ಟಿ. ಲೆಕ್ಕ ಬರೊಬ್ಬರಿ ಅದ ನೋಡು.”

ಮನೆಯಲ್ಲಿ ನಗದೆ ಇದ್ದವರು ಒಬ್ಬರೇ, ಪ್ರಯಾಗಬಾಯಿ. ತಂದೆಯ ತಂಗಿ, ಮಾಣಿಕಪ್ಪನಿಗೆ ಸೋದರತ್ತೆ. ಹನ್ನೆರಡನೇ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದವರು, ಈಗ ಐವತ್ತು ದಾಟಿತ್ತು. ಅಕ್ಷರ ಒಂದೂ ಬಾರದು. ಆದರೆ ಊರಲ್ಲಿ ಯಾರ ಮನೆಯ ಮದುವೆಯಾದರೂ ಅಂಗಳಕ್ಕೆ ರಂಗೋಲಿಯ ಚುಕ್ಕಿ ಇಡಲು ಅವರೇ ಬೇಕು. ಇಪ್ಪತ್ತೊಂದು ಚುಕ್ಕಿಯ ಸಾಲನ್ನು ನೆಲ ಮುಟ್ಟದೆ, ಅಳತೆ ಹಿಡಿಯದೆ ಇಡುತ್ತಿದ್ದರು. ತುದಿಯ ಚುಕ್ಕಿ ಬಿದ್ದಾಗ ಕೈಯಲ್ಲಿ ಹಿಟ್ಟು ಮುಗಿದಿರುತ್ತಿತ್ತು. ಅಷ್ಟು ಲೆಕ್ಕ.

“ಮಾಡಿ ತೋರ್ಸು” ಎಂದರು. “ಬಾಯಲೆ ಹೇಳಬ್ಯಾಡ.”

ಮಾಣಿಕಪ್ಪ ಹಳೆಯ ಬಿಳಿ ಕಾಗದದ ಮೇಲೆ ಗೆರೆ ಎಳೆದು ಮನೆ ಮಾಡಿದ. ಅಡ್ಡ ಇಪ್ಪತ್ತೊಂದು, ಉದ್ದ ಇಪ್ಪತ್ತೊಂದು. ಪ್ರಯಾಗಬಾಯಿ ಅಂಗಳದಲ್ಲಿ ಹಾಕಿದ ತಾವರೆಯನ್ನು ಮನೆಗೊಂದು ಚುಕ್ಕಿಯಂತೆ ಕಾಗದಕ್ಕೆ ಇಳಿಸಿಕೊಂಡ. ಎತ್ತಿನ ಕೊರಳಿನ ತೊಗಲು ಪಟ್ಟೆಗೆ ತೂತು ಹಾಕುವ ಪೊಳ್ಳು ಉಳಿ ಮನೆಯಲ್ಲೇ ಇತ್ತು. ರಟ್ಟು ಕೊಯ್ದು ಇಪ್ಪತ್ತೊಂದು ಪಟ್ಟಿ ಮಾಡಿಕೊಂಡ. ಕಾಗದ ನೋಡಿ ತನಗೆ ತಾನೇ ಒದರಿಕೊಳ್ಳುತ್ತಿದ್ದ: “ಮೂರು ಬಿಡು, ಒಂದು ಹೊಡಿ, ಎರಡು ಬಿಡು, ಐದು ಹೊಡಿ…” ಮೊದಲ ದಿನ ಎರಡು ಪಟ್ಟಿಗೆ ಒಂದು ಮಧ್ಯಾಹ್ನ ಹಿಡಿಯಿತು. ಹೆಬ್ಬೆರಳಿಗೆ ಗುಳ್ಳೆ ಬಂತು.

ಆದರೆ ಹೊಡೆದದ್ದು ಸರಿಯೋ ತಪ್ಪೋ ತಿಳಿಯುವುದು ಹೇಗೆ? ಮಗ್ಗ ಇರುವುದು ಉದಗೀರದಲ್ಲಿ. ಇದನ್ನು ಪ್ರಯಾಗಬಾಯಿ ಎರಡು ದಿನ ಯೋಚಿಸಿದರು. ಇಪ್ಪತ್ತೊಂದೂ ಪಟ್ಟಿ ಮುಗಿದ ದಿನ ತಮ್ಮ ಕರಿ ಕಂಬಳಿಯನ್ನು ಪಡಸಾಲೆಯಲ್ಲಿ ಹಾಸಿ, ಪಟ್ಟಿಗಳನ್ನು ಅದರ ಮೇಲೆ ಒಂದರ ಕೆಳಗೊಂದು ಜೋಡಿಸಿದರು. ತೂತಿನಲ್ಲಿ ಕಂಬಳಿಯ ಕಪ್ಪು ಕಂಡಿತು. ಬಿಳಿ ರಟ್ಟಿನ ಮೇಲೆ ಕರಿಯ ತಾವರೆ ಅರಳಿತ್ತು.

ಕುಸುಮಬಾಯಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಪ್ರಯಾಗಬಾಯಿ ಮಾತ್ರ ಬಗ್ಗಿ ಬೆರಳಿಟ್ಟು ನೋಡುತ್ತಾ ಹೋದರು.

“ಹದಿನಾಲ್ಕನೇ ಪಟ್ಟ್ಯಾಗ ಒಂಬತ್ತನೇ ಮನಿ. ಹೊಡದಿಲ್ಲ.”

“ಒಂದ ತೂತು ಅತ್ತಿ. ಯಾರು ನೋಡ್ತಾರ?”

“ನಾ ನೋಡಿನಿಲ್ಲ?”

ಅದು ಮುಗಿದ ಮೇಲೆ ಬೇರೆ ರಂಗೋಲಿ. ಅದಾದ ಮೇಲೆ ಮತ್ತೊಂದು. ಹೆಚ್ಚು ಬಿದ್ದ ತೂತಿಗೆ ಜೋಳದ ಹಿಟ್ಟಿನ ಅಂಟು ಹಚ್ಚಿ ಕಾಗದ ಮೆತ್ತುವುದನ್ನು ಕಲಿತ. ಇಪ್ಪತ್ತಾರು ದಿನಕ್ಕೆ ಒಂಬತ್ತು ನಮೂನೆ. ಕೊನೆಯ ಎರಡು ನಮೂನೆಯಲ್ಲಿ ಪ್ರಯಾಗಬಾಯಿಗೂ ತಪ್ಪು ಸಿಗಲಿಲ್ಲ. ಅವರಿಗೆ ಅದರಿಂದ ಸಂತೋಷವಾದಂತೆ ಕಾಣಲಿಲ್ಲ.

“ತಪ್ಪ ಸಿಗದಿದ್ರ ತಪ್ಪಿಲ್ಲ ಅಂತ ತಿಳಿಬ್ಯಾಡ ತಮ್ಮಾ” ಎಂದರು. “ನನಗ ಕಾಣಸಿಲ್ಲ, ಅಷ್ಟ.”

ಹೋಗುವ ದಿನ ನಸುಕಿನಲ್ಲಿ ಕುಸುಮಬಾಯಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಉಮರ್ಗಾದಿಂದ ನಿಲಂಗಾಕ್ಕೆ ಒಂದು ಮೋಟಾರು, ಅಲ್ಲಿಂದ ಉದಗೀರಕ್ಕೆ ಇನ್ನೊಂದು. ನಿಲಂಗಾದಲ್ಲಿ ಪಕ್ಕಕ್ಕೆ ಬಂದು ಕುಳಿತವನು ಕರಿ ಕೋಟು ತೊಟ್ಟಿದ್ದ, ಹೆಸರು ಬಕ್ಕಪ್ಪ. ಮಾತಿಗೆ ಮಾತು ಬೆಳೆದು ಅವನೂ ಅದೇ ನೌಕರಿಗೆ ಹೊರಟವನೆಂದು ಗೊತ್ತಾಯಿತು. ಸೊಲ್ಲಾಪುರದಲ್ಲಿ ಎರಡು ವರ್ಷ ಪಟ್ಟಿ ಹೊಡೆದವನು. ಮಾಲಕರು ಬರೆದುಕೊಟ್ಟ ಕಾಗದ ಕೋಟಿನ ಜೇಬಿನಲ್ಲಿತ್ತು.

“ನಿಮ್ಮದೆಷ್ಟ ವರ್ಷ?” ಎಂದ ಬಕ್ಕಪ್ಪ.

ಮಾಣಿಕಪ್ಪನ ನಾಲಿಗೆಯ ತುದಿಗೆ “ಒಂದು” ಬಂದಿತ್ತು. ಅದನ್ನು ನುಂಗಿದ.

“ಏಳ ಪಟ್ಟಿ” ಎಂದ.

ಬಕ್ಕಪ್ಪ ಇವನ ಮುಖ ನೋಡಿ, ಚೇಷ್ಟೆಯಲ್ಲ ಎಂದು ತಿಳಿದು, ತನ್ನ ಡಬ್ಬಿಯಿಂದ ಎಲೆ ಅಡಿಕೆ ತೆಗೆದುಕೊಟ್ಟ. “ತಿನ್ನರಿ. ಬಾಯಿ ಒಣಗಬಾರದು.”

ಸೊಸಾಯಿಟಿ ಇದ್ದದ್ದು ಒಂದು ಹಳೆಯ ಹತ್ತಿ ಗೋದಾಮಿನಲ್ಲಿ. ಮೇಜಿನ ಹಿಂದೆ ಇಬ್ಬರು. ಒಬ್ಬರು ಸರಕಾರದ ಕಡೆಯ ಸಾಹೇಬರು, ಬಿಳಿ ಟೋಪಿ, ಮರಾಠಿ ಬಿಟ್ಟರೆ ಬೇರೆ ಇಲ್ಲ. ಇನ್ನೊಬ್ಬರು ಮಗ್ಗದ ಉಸ್ತಾದ ಲಾಡ್ಲೇಸಾಬ, ಬಿಳಿ ಗಡ್ಡ, ತೋಳಿನ ತನಕ ಅಂಟಿದ ನೂಲಿನ ಧೂಳು.

ಸಾಹೇಬರು ಕೇಳಿದರು: “ಕಿತಿ ವರ್ಷೆ ಕಾಮ ಕೇಲಂ?”

ಎಷ್ಟು ವರ್ಷ ಕೆಲಸ ಮಾಡಿದ್ದೀ ಎಂಬುದು ಅವನಿಗೆ ತಿಳಿಯಿತು. ವರ್ಷ ಇಲ್ಲ, ಹನ್ನೊಂದು ದಿನ ನೋಡಿದ್ದು, ಏಳು ಪಟ್ಟಿ ಹೊಡೆದದ್ದು, ಆಮೇಲೆ ಮನೆಯಲ್ಲಿ ಕುಳಿತು ಒಂಬತ್ತು ನಮೂನೆ ಮಾಡಿದ್ದು ಎಂದು ಬರುವಷ್ಟು ಮರಾಠಿಯಲ್ಲಿ ಹೇಳಿದ. ಸಾಹೇಬರು ಪೆನ್ನು ಕೆಳಗಿಟ್ಟರು. ಆಗ ಲಾಡ್ಲೇಸಾಬರು ಗಡ್ಡ ನೀವಿಕೊಳ್ಳುತ್ತಾ ಕನ್ನಡದಲ್ಲಿ ಮಾತಿಗಿಳಿದರು.

“ಮನ್ಯಾಗ ಮಗ್ಗ ಅದೇನು ಬೇಟಾ?”

“ಇಲ್ಲರಿ. ಕಂಬಳಿ ಅದ.”

ಕಂಬಳಿಯ ಕತೆ ಕೇಳಿ ಮುದುಕರು ಕುರ್ಚಿಯಲ್ಲಿ ಮುಂದೆ ಬಾಗಿದರು.

“ಒಂದ ತೂತ ಹೆಚ್ಚ ಬಿದ್ರ ಏನಾಗ್ತದ?”

“ಏಳಬಾರದ ಎಳಿ ಏಳತದರಿ.”

“ಕಡಿಮಿ ಬಿದ್ರ?”

“ಏಳಬೇಕಾದ್ದು ಏಳಂಗಿಲ್ಲರಿ.”

“ಎರಡರಾಗ ಯಾವದು ಕೆಟ್ಟ?”

ಇದನ್ನು ಅವನು ಎಂದೂ ಯೋಚಿಸಿರಲಿಲ್ಲ. ಮನೆಯಲ್ಲಿ ಮೆತ್ತಿದ ತೂತುಗಳನ್ನು ನೆನೆಸಿಕೊಂಡ. “ಕಡಿಮಿ ಬಿದ್ರ ಮತ್ತ ಹೊಡಿಬಹುದು. ಹೆಚ್ಚ ಬಿದ್ರ ಮೆತ್ತಬೇಕು, ಮೆತ್ತಿದ್ದು ಎಂದಾರ ಕಿತ್ತ ಬರತದ. ಹಂಗಾಗಿ ಅನುಮಾನ ಬಂದಲ್ಲಿ ಹೊಡಿಬಾರದರಿ.”

“ಮಗ್ಗಕ್ಕ ಎಳಿ ಕಟ್ಟಾಕ ಬರತದೇನು?”

“ಬರಂಗಿಲ್ಲರಿ. ನೋಡೇ ಇಲ್ಲ.”

ಮುದುಕರು “ಬರಂಗಿಲ್ಲ” ಎಂಬುದಕ್ಕೂ ತಲೆಯಾಡಿಸಿದರು. ಆಮೇಲೆ ಮಾಣಿಕಪ್ಪ, ಬಕ್ಕಪ್ಪ ಇಬ್ಬರನ್ನೂ ಬೇರೆ ಬೇರೆ ಕಟ್ಟೆಯ ಮೇಲೆ ಕೂಡಿಸಿ ಕೆಲಸ ಕೊಟ್ಟರು. ಇಬ್ಬರಿಗೂ ಒಂದೇ ನಕ್ಷೆ. ಟೊಂಗೆಯ ಮೇಲೆ ಕುಳಿತ ಗಿಳಿ. ಅಡ್ಡ ಮೂವತ್ತೆರಡು ಮನೆ, ಇಪ್ಪತ್ತನಾಲ್ಕು ಸಾಲು. ಕಲಿಯುವವರಿಗೆಂದು ಮಾಡಿದ ಸಣ್ಣ ಮಗ್ಗವೊಂದಿತ್ತು, ಅದರ ಪಟ್ಟಿಗೆ ತೂತಿನ ಒಂದೇ ಸಾಲು. ಒಂದೂವರೆ ತಾಸು ಸಮಯ.

ಬಕ್ಕಪ್ಪನ ಉಳಿ ಅಕ್ಕಿ ಕುಟ್ಟಿದ ಹಾಗೆ ನಡೆಯಿತು. ಮಾಣಿಕಪ್ಪ ಅತ್ತ ನೋಡಲಿಲ್ಲ. ನಾಲ್ಕು ಬಿಡು, ಎರಡು ಹೊಡಿ. ಪಡಸಾಲೆಯ ಮೂಲೆಯಲ್ಲಿ ಕುಳಿತ ಹಾಗೆಯೇ ಕುಳಿತಿದ್ದ. ಒಂದು ಪಟ್ಟಿ ಮುಗಿದ ಮೇಲೆ ಒಮ್ಮೆ ಎಣಿಸುವುದು, ಎಣಿಸಿದ ಮೇಲೆ ಬದಿಗಿಡುವುದು. ಬಕ್ಕಪ್ಪ ಮುಗಿಸಿ ಎದ್ದು ನೀರು ಕುಡಿದು ಬಂದಾಗ ಇವನದು ಇನ್ನೂ ಆರು ಪಟ್ಟಿ ಉಳಿದಿತ್ತು. ಸಮಯ ಮುಗಿಯುವುದಕ್ಕೂ ಇವನು ಕೊನೆಯ ಪಟ್ಟಿ ಇಡುವುದಕ್ಕೂ ಸರಿಹೋಯಿತು.

ಮೊದಲು ಬಕ್ಕಪ್ಪನ ಪಟ್ಟಿ ಮಗ್ಗಕ್ಕೆ ಏರಿತು. ಲಾಡ್ಲೇಸಾಬರು ನೇಯ್ದರು. ಬಿಳಿಯ ಮೇಲೆ ಹಸಿರು ಗಿಳಿ, ನಕ್ಷೆಯಲ್ಲಿದ್ದಂತೆ ಬಲಕ್ಕೆ ಕೊಕ್ಕು ಮಾಡಿ ಕುಳಿತಿತ್ತು. ರೆಕ್ಕೆಯಲ್ಲಿ ಮಾತ್ರ ಮೂರು ಕಡೆ ಹರಕು.

ಆಮೇಲೆ ಮಾಣಿಕಪ್ಪನದು. ಟೊಂಗೆ, ಕಾಲು, ಹೊಟ್ಟೆ, ರೆಕ್ಕೆ. ಒಂದು ಎಳೆಯೂ ತಪ್ಪಿರಲಿಲ್ಲ. ಕುತ್ತಿಗೆ ಬಂತು, ತಲೆ ಬಂತು. ಕೊಕ್ಕು ಬಂದಾಗ ಸಾಹೇಬರು ನಕ್ಕುಬಿಟ್ಟರು. ಗಿಳಿ ಎಡಕ್ಕೆ ತಿರುಗಿ ಕುಳಿತಿತ್ತು.

ಲಾಡ್ಲೇಸಾಬರು ಬಟ್ಟೆಯನ್ನು ಬೆಳಕಿಗೆ ಹಿಡಿದು ಒಂದೊಂದೇ ಎಳೆ ನೋಡಿದರು. “ಕಮಾಲ ಅದ. ಒಂದೂ ತಪ್ಪಿಲ್ಲ, ಒಂದೂ ಸರಿ ಇಲ್ಲ.”

ಸಾಹೇಬರು ಕಾಗದಪತ್ರ ಒಟ್ಟುಮಾಡತೊಡಗಿದರು. ಮಾಣಿಕಪ್ಪನಿಗೆ ಲೋಹಾರಾದ ತಕ್ಕಡಿ ಕಣ್ಣ ಮುಂದೆ ತೂಗಿತು. ಆದರೆ ಲಾಡ್ಲೇಸಾಬರು ಅವರ ಕಿವಿಯಲ್ಲಿ ಏನೋ ಹೇಳಿ, ಇಬ್ಬರ ಕಡೆಗೂ ತಿರುಗಿದರು.

“ಹೊಡಿಯೋದು ಅರ್ಧಾ ಕೆಲಸ. ತಪ್ಪ ಎಲ್ಲ್ಯಾಗ್ಯದ ಹುಡಕೋದು ಇನ್ನರ್ಧಾ. ಚಹಾ ತರಾಕ ಹೇಳೀನಿ. ಚಹಾ ಕುಡದ ಮುಗಿಯೂ ತನಕ ನಿಮ್ಮ ನಿಮ್ಮ ತಪ್ಪ ನೀವೇ ಹುಡುಕರಿ.”

ಬಕ್ಕಪ್ಪ ಕೋಟು ಕಳಚಿಟ್ಟು ರೆಕ್ಕೆಯ ಪಟ್ಟಿಗಳನ್ನು ನಕ್ಷೆಯ ಜೊತೆ ತಾಳೆ ನೋಡಲು ಕುಳಿತ. ಅವನಿಗೆ ಎಲ್ಲಿ ಹುಡುಕಬೇಕೆಂದಾದರೂ ಗೊತ್ತಿತ್ತು. ಮಾಣಿಕಪ್ಪನಿಗೆ ಹುಡುಕಲು ಜಾಗವೇ ಇರಲಿಲ್ಲ. ಮೊದಲ ಪಟ್ಟಿ ತೆಗೆದು ನಕ್ಷೆಯ ಮೊದಲ ಸಾಲಿಗೆ ತಾಳೆ ಮಾಡಿದ. ನಾಲ್ಕು ಬಿಡು, ಎರಡು ಹೊಡಿ, ಏಳು ಬಿಡು. ಸರಿಯಾಗಿತ್ತು. ಎರಡನೆಯದು, ಸರಿ. ಮೂರನೆಯದು, ಸರಿ. ಎಲ್ಲ ಸರಿ ಇದ್ದು ಗಿಳಿ ಯಾಕೆ ಮುಖ ತಿರುಗಿಸಿತು? ಮನೆಯಲ್ಲಿ ಮಾಡಿದ ಒಂಬತ್ತರಲ್ಲಿ ಒಂದೂ ಹೀಗೆ ಆಗಿರಲಿಲ್ಲ.

ತಾವರೆ. ಆರು ಎಸಳಿನ ಹೂ. ತುಳಸಿಕಟ್ಟೆ. ದೀಪದ ಮಾಲೆ. ಒಂದೊಂದನ್ನೂ ನೆನೆಸಿಕೊಂಡ. ಆಗ ಹೊಳೆಯಿತು: ಅತ್ತೆಯ ರಂಗೋಲಿಗೆ ಮುಖವೇ ಇಲ್ಲ. ನಡುವೆ ಗೆರೆ ಎಳೆದು ಮಡಚಿದರೆ ಈ ಕಡೆಯದು ಆ ಕಡೆಗೆ ಸರಿಯಾಗಿ ಕೂಡುತ್ತದೆ. ಅದನ್ನು ಎಡದಿಂದ ಓದಿದರೂ ಅಷ್ಟೇ, ಬಲದಿಂದ ಓದಿದರೂ ಅಷ್ಟೇ. ಹಾಗಾದರೆ ತಾನು ಓದುತ್ತಿರುವುದು ಯಾವ ಕಡೆಯಿಂದ?

ಅವನು ನಕ್ಷೆಯ ಮೇಲೆ ಬೆರಳಿಟ್ಟ. ಬೆರಳು ಬಲದ ತುದಿಗೆ ಹೋಗಿ ನಿಂತಿತು. ಯಾರೂ ಹೇಳಿರಲಿಲ್ಲ, ತಾನಾಗಿಯೇ ಹೋಯಿತು. ಮೋಟಾರಿನ ಹಲಗೆಯಲ್ಲಿ ಮರಾಠಿ ಅಕ್ಷರವಿದ್ದರೆ ಅಕ್ಷರವೇ ದಾರಿ ತೋರಿಸುತ್ತದೆ. ಇಲ್ಲಿ ಅಕ್ಷರವಿಲ್ಲ, ಬರೀ ಮನೆ. ದಾರಿ ತೋರಿಸುವವರಿಲ್ಲದಾಗ ಕಣ್ಣು ತಾನು ಮೊದಲು ನಡೆದ ದಾರಿಯನ್ನೇ, ಬಲದಿಂದ ಎಡಕ್ಕೆ ಸಾಗುವ ಉರ್ದುವಿನ ದಾರಿಯನ್ನೇ, ಹಿಡಿದಿತ್ತು. ಈಗ ಉಳಿಯನ್ನು ಕೈಗೆ ತೆಗೆದುಕೊಂಡು ಖಾಲಿ ಪಟ್ಟಿಯ ಮೇಲಿಟ್ಟು ನೋಡಿದ. ಕೈ ಎಡದ ತುದಿಗೆ ಹೋಯಿತು. ಅದು ಸೊಲ್ಲಾಪುರದ ಮುದುಕನ ಕೈ ನೋಡಿ ಕಲಿತದ್ದು. ಕಣ್ಣು ಒಂದು ಶಾಲೆಯದು, ಕೈ ಇನ್ನೊಂದು ಶಾಲೆಯದು. ಎರಡೂ ಕಲಿತದ್ದನ್ನು ತಪ್ಪಿಲ್ಲದೆ ಒಪ್ಪಿಸಿದ್ದವು.

ಚಹಾ ಬಂತು. ಅವನು ಮುಟ್ಟಲಿಲ್ಲ. ಪಟ್ಟಿಗಳನ್ನು ಕೂಡಿಸಿದ ಹೊಲಿಗೆ ಬಿಚ್ಚಿ, ಒಂದೊಂದನ್ನೂ ಎಡದ ತುದಿ ಬಲಕ್ಕೆ ಬರುವಂತೆ ತಿರುಗಿಸಿ, ಅದೇ ಸರದಿಯಲ್ಲಿ ಮತ್ತೆ ಹೊಲಿಯತೊಡಗಿದ. ಹೊಸದೊಂದು ತೂತು ಹೊಡೆಯಲಿಲ್ಲ, ಹಳೆಯದೊಂದನ್ನು ಮೆತ್ತಲಿಲ್ಲ. ಸಾಹೇಬರ ಕಪ್ಪು ಬರಿದಾದಾಗ ಇಪ್ಪತ್ತನಾಲ್ಕರಲ್ಲಿ ಹದಿನೇಳು ಹೊಲಿದಿದ್ದ. ಲಾಡ್ಲೇಸಾಬರು ತಮ್ಮ ಚಹಾವನ್ನು ಬಶಿಗೆ ಸುರಿದುಕೊಂಡು ಊದಿ ಊದಿ ಕುಡಿಯುತ್ತಲೇ ಇದ್ದರು. ಆ ದಿನ ಅವರ ಚಹಾ ಬಹಳ ಬಿಸಿ ಇದ್ದಿರಬೇಕು.

ಈ ಸಲ ಗಿಳಿ ಬಲಕ್ಕೆ ನೋಡಿತು. ರೆಕ್ಕೆಯಲ್ಲಿ ಹರಕಿರಲಿಲ್ಲ.

ಬಕ್ಕಪ್ಪ ಮೂರರಲ್ಲಿ ಎರಡು ತಪ್ಪು ಹಿಡಿದಿದ್ದ, ಮೂರನೆಯದು ಸಿಕ್ಕಿರಲಿಲ್ಲ. ಅವನೂ ಎದ್ದು ಬಂದು ಬಟ್ಟೆ ನೋಡಿದ. “ಅಲಲಾ! ಏಳ ಪಟ್ಟಿ ಹೊಡದವ ಎರಡ ವರ್ಷದವನ್ನ ಕುಂಡ್ರಿಸಿದೆಲ್ಲೊ ಮಾರಾಯಾ” ಎಂದ. ಮಾತಿನಲ್ಲಿ ಮುಳ್ಳಿತ್ತು, ಆದರೆ ಬೆನ್ನ ಮೇಲೆ ಇಟ್ಟ ಕೈಯಲ್ಲಿ ಇರಲಿಲ್ಲ.

ಸಾಹೇಬರಿಗೆ ಒಪ್ಪಿಗೆಯಾಗಲಿಲ್ಲ. ಬಕ್ಕಪ್ಪನ ಹತ್ತಿರ ಕಾಗದವಿದೆ, ಕೈ ಚುರುಕಿದೆ. ಇವನು ನಿಧಾನ, ಅನುಭವವಿಲ್ಲ, ಮೇಲೆ ಉಲ್ಟಾ ಓದುತ್ತಾನೆ. ಲಾಡ್ಲೇಸಾಬರು ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. ಚಾದರಿನ ನಕ್ಷೆಗೆ ನೂರಾರು ಪಟ್ಟಿ ಬೇಕು. ಅದರಲ್ಲಿ ಅಲ್ಲೊಂದು ಇಲ್ಲೊಂದು ತೂತು ತಪ್ಪಿದರೆ ಹುಡುಕಲು ಎರಡು ದಿನ ಮಗ್ಗ ನಿಲ್ಲುತ್ತದೆ. ಇವನು ಮಾಡಿದ್ದು ಇಪ್ಪತ್ತನಾಲ್ಕು ಪಟ್ಟಿಗೆ ಒಂದೇ ತಪ್ಪು. ಅದನ್ನೂ ಯಾರೂ ತೋರಿಸಲಿಲ್ಲ, ತಾನೇ ಹುಡುಕಿದ. ಚುರುಕು ಆರು ತಿಂಗಳಲ್ಲಿ ಬರುತ್ತದೆ. ಇನ್ನೊಂದು ತಾನಾಗಿ ಬರುವುದಿಲ್ಲ.

ಸಾಹೇಬರು ಬಹಳ ಹೊತ್ತು ಪೆನ್ನಿನ ಟೋಪಿ ತೆಗೆದು ಹಾಕಿ ಮಾಡಿದರು. ಕಡೆಗೆ, ಮೂರು ತಿಂಗಳು ಇಟ್ಟುಕೊಂಡು ನೋಡೋಣ ಎಂದರು. ಆದರೆ ಒಂದು ಶರತ್ತು: ಇನ್ನು ಮುಂದೆ ನಕ್ಷೆಯನ್ನು ಎಲ್ಲರಂತೆ ಎಡದಿಂದ ಓದಬೇಕು.

ಆಯಿತು ಎನ್ನುವುದು ಸುಲಭವಿತ್ತು. ಬಕ್ಕಪ್ಪ ಬಾಗಿಲ ಹತ್ತಿರ ನಿಂತು “ಹೂಂ ಅನ್ನು” ಎಂದು ಕಣ್ಣಲ್ಲೇ ಹೇಳುತ್ತಿದ್ದ. ಮಾಣಿಕಪ್ಪ ಲಾಡ್ಲೇಸಾಬರ ಕಡೆಗೆ ತಿರುಗಿದ.

“ಉಸ್ತಾದ್ರ, ಸಾಹೇಬರಿಗಿ ನೀವ ಹೇಳ್ರಿ. ಎಡದಿಂದ ಓದತೀನಿ ಅಂತ ಈಗ ಅಂದೇನು. ಖರೆ ನಡುಕಿನ ಪಟ್ಟಿಗಿ ಬಂದಾಗ ಕಣ್ಣ ತನ್ನ ದಾರಿಗಿ ಹೋದ್ರ ನನಗ ಗೊತ್ತಾಗಂಗಿಲ್ಲ. ಅರ್ಧಾ ಗಿಳಿ ಇತ್ತ, ಅರ್ಧಾ ಗಿಳಿ ಅತ್ತ ಆಗತದ. ಕಣ್ಣ ಬಲದಿಂದನೇ ಓದಲಿ. ಕೈನೂ ಬಲದ ತುದಿಯಿಂದನೇ ಹೊಡಿತೀನಿ. ಕೈ ಹೊಸಾದು, ಏಳ ಪಟ್ಟಿದು. ಅದಕ್ಕ ಕಲಿಸಬಹುದು. ಕಣ್ಣಿಂದು ಏಳ ವರ್ಷದ್ದದರಿ.”

ಲಾಡ್ಲೇಸಾಬರ ಕಣ್ಣುಗಳು ಸಣ್ಣಗಾದವು. “ಯಾವ ಮದರಸಾ?”

“ಗುಂಜೋಟಿ ಸರಕಾರಿ ಸಾಲಿರಿ. ಏಳನೇ ಇಯತ್ತೆ ತನಕ.”

ಮುದುಕರು ಉರ್ದುವಿನಲ್ಲಿ ಎರಡು ಮಾತು ಕೇಳಿದರು. ಮಾಣಿಕಪ್ಪ ಉರ್ದುವಿನಲ್ಲೇ ಉತ್ತರ ಕೊಟ್ಟ. ಒಂಬತ್ತು ವರ್ಷದ ಮೇಲೆ ಆಡಿದ ಮಾತು, ತುಸು ತಡವರಿಸಿ ಬಂತು. ಆಮೇಲೆ ಲಾಡ್ಲೇಸಾಬರು ಸಾಹೇಬರಿಗೆ ಹೇಳಿದ್ದು ಇಷ್ಟೇ: ಎಲ್ಲಿಂದ ಶುರುಮಾಡಿದ ಎಂದು ಮಗ್ಗ ಕೇಳುವುದಿಲ್ಲ, ತೂತು ಎಲ್ಲಿದೆ ಎಂದು ಕೇಳುತ್ತದೆ. ಸಾಹೇಬರು ಕೈ ಬೀಸಿ, ನಿಮ್ಮ ಮಗ್ಗ, ನೀವುಂಟು ನಿಮ್ಮ ಮನುಷ್ಯನುಂಟು ಎಂದು ಹೇಳಿ ಅವನ ಹೆಸರು ಬರೆದುಕೊಂಡರು.

ಸೋಮವಾರ ಬೆಳಿಗ್ಗೆ ಮಾಣಿಕಪ್ಪ ಕೆಲಸಕ್ಕೆ ಕುಳಿತ. ಅವನ ಮುಂದೆ ಇಟ್ಟದ್ದು ದೊಡ್ಡ ನಕ್ಷೆ, ಚಾದರಿನ ಅಂಚಿಗೆ ಓಡುವ ಜಿಂಕೆಗಳ ಸಾಲು. ಎಲ್ಲ ಜಿಂಕೆಯೂ ಒಂದೇ ಕಡೆಗೆ ಮುಖ ಮಾಡಿದ್ದವು. ಅವನು ಬೆರಳನ್ನು ಬಲದ ತುದಿಯ ಮನೆಯ ಮೇಲಿಟ್ಟ, ಉಳಿಯನ್ನು ಪಟ್ಟಿಯ ಬಲದ ತುದಿಗೆ ತಂದ. ಕೈ ಎರಡು ಸಲ ಎಡಕ್ಕೆ ಎಳೆಯಿತು. ಎರಡು ಸಲವೂ ತಿರುಗಿ ತಂದ. ಲಾಡ್ಲೇಸಾಬರು ಬೆನ್ನ ಹಿಂದೆ ನಿಂತು ನೋಡುತ್ತಿದ್ದರು. ಒಂದು ಪಟ್ಟಿ ಆಯಿತು, ಎರಡಾಯಿತು. ನಾಲ್ಕನೆಯದನ್ನು ಮುಗಿಸಿ, ಎಣಿಸಿ, ಬದಿಗಿಟ್ಟು ತಲೆಯೆತ್ತಿದಾಗ ಹಿಂದೆ ಯಾರೂ ಇರಲಿಲ್ಲ. ಮುದುಕರು ಆಗಲೇ ಗೋದಾಮಿನ ಆ ತುದಿಗೆ ಹೋಗಿ ಕಡಿದ ಎಳೆಗೆ ಗಂಟು ಹಾಕುತ್ತಿದ್ದರು. ಮಾಣಿಕಪ್ಪ ಐದನೆಯ ಪಟ್ಟಿ ತೆಗೆದುಕೊಂಡ.